ವೀಳ್ಯ ಬಂದದ್ದು ತಪ್ಪು ಮನೆಗೆ

ರೊಸ್ಮಾಯ್ನಿ ಅಜ್ಜಿಯ ಮನೆಯಲ್ಲಿ ಅನ್ನದ ಮೇಲೆ ಜಗಳ ನಡೆಯುತ್ತದೆ ಎಂದರೆ ಪಾಯಕುಂಬುಹ್ ಪೇಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮರಗೆಣಸಿನ ಚಿಪ್ಸಿಗೆ ಕೆಂಪು ಖಾರ ಹಚ್ಚಿ ಮಾರುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಮದುವೆ ಮನೆಗಳಿಗೆ ರೆಂದಾಂಗ್ ಮಾಡಿಕೊಡುವ ದಿನ ಮಾಂಸ, ತೆಂಗಿನಹಾಲಿನ ವಾಸನೆ ಬೀದಿಯ ಕೊನೆಯವರೆಗೂ ಹೋಗಿ ಉಂಡವರಿಗೂ ಮತ್ತೆ ಹಸಿವಾಗುತ್ತಿತ್ತು. ಅಂಥ ಮನೆಯಲ್ಲಿ ಹದಿನಾರು ವರ್ಷದ ಮೊಮ್ಮಗಳು ರಂತಿ ಉಣ್ಣುವುದನ್ನೇ ಬಿಟ್ಟಿದ್ದಳು.

"ಬೇಡ ಅಂದ್ರೆ ಬೇಡ ಅಜ್ಜಿ."

"ಏನೇ ಬೇಡ? ಊರಿಗೆಲ್ಲ ನಾನು ಅಡುಗೆ ಮಾಡಿ ಹಾಕ್ತೀನಿ, ನನ್ನ ಮೊಮ್ಮಗಳು ಕಡ್ಡಿ ಥರ ಓಡಾಡ್ಕೊಂಡಿದ್ರೆ ಜನ ನನ್ನ ಮುಖಕ್ಕೆ ಉಗಿಯಲ್ವ?"

"ಉಗಿದ್ರೆ ಒರೆಸ್ಕೊ."

ಮರಗೆಣಸು ಹೆರೆಯುತ್ತ ಕೂತಿದ್ದ ಚಿಕ್ಕಮ್ಮ ಅಸ್ನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಅತ್ತ ತಿರುಗಿದಳು. "ನಗು, ನಗು. ಗಂಡನ್ನ ಬಿಟ್ಟು ಕೂತೋಳಿಗೆ ನಗೋದಲ್ದೆ ಇನ್ನೇನು ಕೆಲಸ."

ಅಷ್ಟರಲ್ಲಿ ರಂತಿಯ ಅಪ್ಪ ಎದ್ರಿಜಾಲ್ ಒಳಗೆ ಬಂದು, ಒಂದು ತಟ್ಟೆಗೆ ಅನ್ನ, ಎರಡು ಚೂರು ಮೀನು ಹಾಕಿಕೊಂಡು ಮಗಳ ಪಕ್ಕ ಚಾಪೆಯ ಮೇಲೆ ಕೂತ. ತನ್ನ ಹೊಲಿಗೆ ಅಂಗಡಿಯ ಸುದ್ದಿ ಹೇಳುತ್ತ ತಾನು ಉಣ್ಣತೊಡಗಿದ. ಯಾರೋ ಹೊಟ್ಟೆಯ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು, ಪ್ಯಾಂಟು ಹೊಲಿದ ಮೇಲೆ ಬಿಗಿ ಎಂದು ಜಗಳಕ್ಕೆ ಬಂದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಒಂದು ಸಣ್ಣ ತುತ್ತು ಅವಳ ಕಡೆ ಚಾಚಿದ. ರಂತಿ ಕಣ್ಣು ಮುಚ್ಚಿಕೊಂಡು ನುಂಗಿದಳು. ಇನ್ನೊಂದು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವನು ಪೇಟೆಯಿಂದ ಮನೆಗೆ ಓಡಿ ಬರುತ್ತಿದ್ದದ್ದು ಇದಕ್ಕೇ. ಬೇರೆ ಯಾರ ಕೈಯಿಂದಲೂ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಇದು ಶುರುವಾದದ್ದು ಹಿಂದಿನ ವರ್ಷದ ರಂಜಾನಿನಲ್ಲಿ. ಎಲ್ಲರ ಉಪವಾಸ ಮುಗಿದರೂ ಇವಳದ್ದು ಮುಗಿಯಲಿಲ್ಲ. ಹಬ್ಬದ ಮಾರನೆಯ ದಿನದಿಂದಲೇ ರಂಜಾನಿನ ಮುಂದಿನ ತಿಂಗಳು ಶವ್ವಾಲಿನ ಆರು ದಿನದ ಉಪವಾಸ ಅಂದಳು, ಬಿಟ್ಟುಹೋದ ದಿನಗಳದ್ದು ತೀರಿಸಬೇಕು ಅಂದಳು, ಆಮೇಲೆ ಸೋಮವಾರ, ಗುರುವಾರ ಅಂದಳು. ಮನೆಯವರು ಹೆಮ್ಮೆಪಟ್ಟರು! ತಾಯಿ ಲಿಸ್ಮರ್ ತೀರಿಕೊಂಡು ವರ್ಷ ತುಂಬಿತ್ತು. ಹುಡುಗಿ ಅಮ್ಮನ ಹೆಸರಿನಲ್ಲಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಾಳೆ ಎಂದು ಅಜ್ಜಿ ಮಸೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದಳು. ಹೀಗೆ ಮೆರೆಸಿದ್ದು ಏನನ್ನು ಎಂಬುದು ತಿಳಿದದ್ದು, ಶಾಲೆಯಲ್ಲಿ ಧ್ವಜ ಹಾರಿಸುವಾಗ ಹುಡುಗಿ ಬಿದ್ದು ಆಸ್ಪತ್ರೆ ಸೇರಿದ ಮೇಲೆ. "ಇದು ಭಕ್ತಿಯೂ ಅಲ್ಲ, ಹಟವೂ ಅಲ್ಲ, ಕಾಯಿಲೆ. ನಿಧಾನಕ್ಕೆ ವಾಸಿ ಆಗುತ್ತೆ, ಬಯ್ಯಬೇಡಿ," ಎಂದು ಬುಕಿಟಿಂಗಿಯ ವೈದ್ಯೆ ಹೇಳಿದಳು. ಬಯ್ಯಬೇಡಿ ಎಂದರೆ ರೊಸ್ಮಾಯ್ನಿ ಅಜ್ಜಿ ಮಾತಾಡುವುದಾದರೂ ಹೇಗೆ?

ಎದ್ರಿಜಾಲ್ ಆ ಮನೆಯಲ್ಲಿ ಇದ್ದದ್ದೇ ಒಂದು ದೊಡ್ಡ ವಿಷಯ. ನಮ್ಮಲ್ಲಿ ಮನೆ, ಗದ್ದೆ, ಮಕ್ಕಳು ಎಲ್ಲ ಹೆಂಗಸರ ಕಡೆಗೆ. ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಬರುತ್ತಾನೆ. ಮದುವೆಯ ದಿನ ಕೊಟ್ಟ ಬಿರುದು ಹಿಡಿದು 'ಸುತನ್' ಎಂದು ಬಹುವಚನದಲ್ಲಿ ಕರೆಯುತ್ತಾರೆ, ಮೀನಿನ ತಲೆ ಅವನಿಗೇ ಬಡಿಸುತ್ತಾರೆ. ಹೆಂಡತಿ ಸತ್ತರೆ ಅವನ ಅಕ್ಕತಂಗಿಯರು ಬಂದು ಮರ್ಯಾದೆಯಿಂದ ಕರೆದುಕೊಂಡು ಹೋಗುತ್ತಾರೆ. ಲಿಸ್ಮರ್ ಹೋದ ನೂರನೆಯ ದಿನ ಎದ್ರಿಜಾಲನ ಅಕ್ಕ ಎಲ್ಫಿದಾ ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದಳು. ಅವನು "ಸ್ವಲ್ಪ ದಿನ ತಡಿ ಅಕ್ಕ" ಅಂದ. ಸ್ವಲ್ಪ ದಿನ ಎರಡು ವರ್ಷವಾಯಿತು. ಹೊರಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದ. ಚಹಾ ಅಂಗಡಿಯಲ್ಲಿ ಜನ ಆಡಿಕೊಳ್ಳುವುದು ಅವನ ಕಿವಿಗೂ ಬೀಳುತ್ತಿತ್ತು. ಕೇಳಿಸಿದರೂ ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದ.

ಪ್ರತಿ ಸೋಮವಾರ ಅಪ್ಪ ಮಗಳು ಬಸ್ಸು ಹಿಡಿದು ಬುಕಿಟಿಂಗಿಗೆ ಹೋಗುತ್ತಿದ್ದರು. ರಂತಿ ವೈದ್ಯೆಯ ಕೋಣೆಗೆ ಹೋದರೆ ಬರುವುದು ತಡ. ಹೊರಗಿನ ಬೆಂಚಿನಲ್ಲಿ ಕಾಯುವಾಗ ಯುಲಿದಾರ್ ಪರಿಚಯವಾದದ್ದು. ಅವಳು ಮರೆವು ಹಿಡಿದ ಮುದಿ ತಾಯಿಯನ್ನು ಕರೆದುಕೊಂಡು ಬರುತ್ತಿದ್ದಳು. ಬುಕಿಟಿಂಗಿಯ ಮೇಲಿನ ಪೇಟೆಯಲ್ಲಿ ಗುಂಡಿ, ಲೇಸು, ಜಿಪ್ಪಿನ ಅಂಗಡಿ ಅವಳದು. ನಲವತ್ತು ದಾಟಿತ್ತು, ಮದುವೆಯ ವಯಸ್ಸೆಲ್ಲ ಅಂಗಡಿ ಮತ್ತು ತಾಯಿಯ ನಡುವೆ ಕಳೆದುಹೋಗಿತ್ತು.

"ನೀವು ದರ್ಜಿ ಅಲ್ವ?" ಅವಳೇ ಮೊದಲು ಮಾತಾಡಿಸಿದಳು.

"ಹೇಗೆ ಗೊತ್ತಾಯ್ತು?"

"ಬಂದಾಗಿಂದ ನನ್ನ ತೋಳಿನ ಹೊಲಿಗೆ ನೋಡ್ತಿದ್ದೀರ. ಕೆಟ್ಟದಾಗಿದೆ ಅಂತ ನಂಗೂ ಗೊತ್ತು."

ಅವನಿಗೆ ನಾಚಿಕೆಯಾಯಿತು, ನಗುವೂ ಬಂತು. ನಕ್ಕು ಎಷ್ಟು ತಿಂಗಳಾಗಿತ್ತೋ! ಮುಂದಿನ ಸೋಮವಾರ ಸೂಜಿ ದಾರ ತಂದಿದ್ದ. ಅವಳು ಬುತ್ತಿ ತಂದಿದ್ದಳು. ತಾಯಿ ನಡುನಡುವೆ "ಈ ಗಂಡಸು ಯಾರೇ?" ಎಂದು ಕೇಳುತ್ತಿದ್ದಳು. "ಅಮ್ಮಾ, ಇವರು ರಂತಿಯ ಅಪ್ಪ," ಎಂದು ಯುಲಿದಾರ್ ಪ್ರತಿಸಲವೂ ಹೊಸದಾಗಿ ಕೇಳಿದವಳ ಹಾಗೇ ಉತ್ತರಿಸುತ್ತಿದ್ದಳು. ಆ ತಾಳ್ಮೆ ಕಂಡು ಎದ್ರಿಜಾಲನಿಗೆ ಎದೆ ತುಂಬಿ ಬರುತ್ತಿತ್ತು. ಮನೆಯಲ್ಲಿ ಎಲ್ಲರೂ ಅವನಿಂದ ಧೈರ್ಯ ಕೇಳುವವರೇ. ಇಲ್ಲಿ ಒಬ್ಬಳ ಎದುರು ಅವನು "ನನ್ನ ಕೈಲಾಗ್ತಿಲ್ಲ" ಎಂದು ಹೇಳಬಹುದಿತ್ತು. ಹೇಳಿದ. ಅವಳು ಸಮಾಧಾನ ಹೇಳಲಿಲ್ಲ. "ನಂಗೂ ಅಷ್ಟೆ," ಅಂದಳು.

ಪ್ರೀತಿಯೆಂದರೆ ಅದೇ ಎಂದು ತಿಳಿಯುವುದಕ್ಕೆ ಇಬ್ಬರಿಗೂ ಹೆಚ್ಚು ದಿನ ಬೇಕಾಗಲಿಲ್ಲ. ಅವನ ಅಂಗಡಿಯಲ್ಲಿ ಗುಂಡಿಯ ಪೊಟ್ಟಣಗಳು ಹೆಚ್ಚುತ್ತ ಹೋದವು.

"ನಮ್ಮ ಮಾವನ್ನ ಕಳಿಸ್ಲ?" ಒಂದು ಸೋಮವಾರ ಯುಲಿದಾರ್ ನೆಲ ನೋಡುತ್ತ ಕೇಳಿದಳು. ನಮ್ಮಲ್ಲಿ ಗಂಡು ಕೇಳುವುದು ಹೆಣ್ಣಿನ ಕಡೆಯವರು. ಸೋದರಮಾವ ಗಂಡಿನ ತಾಯಿಯ ಮನೆಗೆ ವೀಳ್ಯ ಒಯ್ಯಬೇಕು.

"ಕಳಿಸಿದ್ರೆ ನಾನು ನಿಮ್ಮ ಮನೆಗೆ ಬರಬೇಕು."

"ನಾನು ನಿಮ್ಮೂರಿಗೆ ಬರೋ ಹಾಗಿದ್ರೆ ಬಾಡಿಗೆ ಮನೆ ಹಿಡೀಬಹುದಿತ್ತು. ಆದ್ರೆ ಅಮ್ಮ ಈ ಮನೆ ಬಿಟ್ರೆ ಬಚ್ಚಲು ಎಲ್ಲಿದೆ ಅಂತ್ಲೂ ಗೊತ್ತಾಗದೆ ಅಳ್ತಾಳೆ."

"ರಂತೀನ ಕೇಳ್ಬೇಕು. ನನ್ನ ಜತೆ ಬರ್ತೀಯ ಅಂತ."

"ಅವಳ ಅಜ್ಜಿ ಬಿಡ್ತಾರ?"

ಆ ಮನೆತನಕ್ಕೆ ಉಳಿದ ಒಂದೇ ಹೆಣ್ಣು ಕುಡಿ ರಂತಿ. ಅಸ್ನಿಗೆ ಮಕ್ಕಳಿಲ್ಲ. ಆ ಮನೆ ನಾಳೆ ರಂತಿಯದು. ಅದನ್ನು ಬಿಟ್ಟು ಅವಳು ಮಲತಾಯಿಯ ಮನೆಗೆ ಹೋಗುವುದೆಂದರೆ ಊರು ಮುಳುಗಿದ ಹಾಗೆಯೇ. ಆದರೂ "ಹ್ಞೂಂ, ಕಳಿಸಿ" ಅಂದುಬಿಟ್ಟ. ತಾಯಿಯ ಮನೆಯಲ್ಲಿರುವ ಅಕ್ಕ ಎಲ್ಫಿದಾಗೆ ಫೋನು ಮಾಡಿ ತಿಳಿಸಿದ. ಅವಳು ಸಂತೋಷಕ್ಕೆ ಆಗಲೇ ಪರದೆ ಒಗೆಯಲು ಹಾಕಿದಳಂತೆ. ಮಗಳಿಗೆ ಮಾತ್ರ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡುತ್ತಲೇ ಹೋದ. ಊಟದ ಹೊತ್ತಿಗೆ ಹೇಳಿದರೆ ತುತ್ತು ನಿಲ್ಲುತ್ತದೆ. ಊಟ ಬಿಟ್ಟರೆ ಅವರಿಬ್ಬರಿಗೆ ಸೋಮವಾರದ ಬಸ್ಸೊಂದೇ, ಅಲ್ಲಿ ಸುತ್ತ ಜನರ ಕಿವಿ.

ಯುಲಿದಾರಳ ಸೋದರಮಾವ ಹಳೆಯ ಕಾಲದ ಮನುಷ್ಯ. ಬಸ್ಸಿಳಿದು ಪೇಟೆಯಲ್ಲಿ "ದರ್ಜಿ ಎದ್ರಿಜಾಲ್ ಮನೆ ಎಲ್ಲಿ?" ಎಂದು ಕೇಳಿದ. ಎಲ್ಲರೂ ರೊಸ್ಮಾಯ್ನಿ ಅಜ್ಜಿಯ ಮನೆ ತೋರಿಸಿದರು. ಅವನಿಗೆ ಅನುಮಾನವೇ ಬರಲಿಲ್ಲ. ಹೆಂಡತಿ ಸತ್ತು ಎರಡು ವರ್ಷವಾದ ಗಂಡಸು ಹೆಂಡತಿಯ ಮನೆಯಲ್ಲೇ ಇದ್ದಾನೆಂದು ನಮ್ಮವರಲ್ಲಿ ಯಾರು ತಾನೇ ಅಂದುಕೊಳ್ಳುತ್ತಾರೆ? ಬಾಗಿಲಲ್ಲಿ ಸಲಾಂ ಹೇಳಿ, ಎದುರು ಕೂತ ಮುದುಕಿ ಎದ್ರಿಜಾಲನ ತಾಯಿಯೇ ಇರಬೇಕೆಂದುಕೊಂಡು, ಹಿತ್ತಾಳೆಯ ವೀಳ್ಯದ ಪಾತ್ರೆಯನ್ನು ಆಕೆಯ ಮುಂದಿಟ್ಟ.

ಅಜ್ಜಿಗೆ ಖುಷಿಯೋ ಖುಷಿ. ಗಂಡನನ್ನು ಬಿಟ್ಟ ಅಸ್ನಿಯ ವಿಷಯಕ್ಕೆ ಯಾರೋ ಬಂದಿದ್ದಾರೆ ಎಂದುಕೊಂಡಳು. ಹೆಣ್ಣಿಗಾಗಿ ಗಂಡಿನ ಕಡೆಯವರು ಬರುವುದು ನಮ್ಮಲ್ಲಿಲ್ಲ ಎಂಬುದೂ ಆ ಗಳಿಗೆಯಲ್ಲಿ ಮರೆತುಹೋಯಿತು. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಂಡೇಬಿಟ್ಟಳು. ವೀಳ್ಯ ಬಾಯಿಗೆ ಹೋದ ಮೇಲೆ ಬಂದವರ ಮಾತು ಕೊನೆಯವರೆಗೂ ಕೇಳಲೇಬೇಕು.

"ನಿಮ್ಮ ಮಗ ಎದ್ರಿಜಾಲನ್ನ ನನ್ನ ಸೋದರಸೊಸೆಗೆ ಕೇಳೋಕೆ ಬಂದಿದ್ದೀನಿ ತಾಯಿ," ಅಂದ ಮುದುಕ. "ಹುಡುಗನ ಹೆಂಡತಿ ಹೋಗಿ ಎರಡು ವರ್ಷ ಆಯ್ತಂತೆ. ಪಾಪ, ನಿಮ್ಮ ಸೊಸೆ ಹೇಗಿದ್ರೋ ಏನೋ, ನಮ್ಮ ಯುಲಿದಾರ್ ಬಂಗಾರದಂಥೋಳು."

ಅಜ್ಜಿಯ ದವಡೆ ನಿಂತಿತು. ಅಸ್ನಿ ಕೈಯಲ್ಲಿದ್ದ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಕೋಣೆಯಿಂದ ಹೊರಬಂದ ರಂತಿ ಗೋಡೆಗೆ ಒರಗಿದಳು.

"ಸತ್ತದ್ದು ಸೊಸೆ ಅಲ್ಲ," ಅಜ್ಜಿ ಕೊನೆಗೆ ಹೇಳಿದಳು. ಬಾಯಿ ಕೆಂಪಾಗಿತ್ತು. "ನನ್ನ ಮಗಳು."

ಮುದುಕ ಏನೆಂದನೋ, ಎಷ್ಟು ಸಲ ಕ್ಷಮೆ ಕೇಳಿದನೋ, ಪಾತ್ರೆ ಎತ್ತಿಕೊಂಡನೋ ಇಲ್ಲವೋ, ಯಾರಿಗೂ ಸರಿಯಾಗಿ ನೆನಪಿಲ್ಲ. ಹೋಗುವಾಗ ಅವನ ಚಪ್ಪಲಿ ಅದಲುಬದಲಾಗಿ ಅಸ್ನಿಯ ಒಂದು ಚಪ್ಪಲಿ ಹೋಗಿತ್ತು.

ಮಧ್ಯಾಹ್ನ ಮಗಳಿಗೆ ಉಣಿಸಲು ಬಂದ ಎದ್ರಿಜಾಲನನ್ನು ಅಜ್ಜಿ ಹೊಸ್ತಿಲಲ್ಲೇ ಹಿಡಿದಳು. ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ.

"ಸುತನ್, ನೀವು ಈ ಮನೇಲಿ ಉಂಡ ಉಪ್ಪು ಉಪ್ಪೇ ಅಲ್ವ? ನನ್ನ ಕೈಯಲ್ಲಿ ನನ್ನ ಮಗಳ ಮೇಲೆ ಸವತಿ ವೀಳ್ಯ ಹಾಕಿಸಿದ್ರಲ್ಲ!"

"ಅಮ್ಮ, ಅವರು ನಮ್ಮಕ್ಕನ ಮನೆಗೆ ಹೋಗಬೇಕಿತ್ತು."

"ಹಾಗಾದ್ರೆ ನೀವೂ ನಿಮ್ಮಕ್ಕನ ಮನೇಲೇ ಇರಬೇಕಿತ್ತು."

ಅವನು ಚಪ್ಪಲಿ ಕಳಚಿ ಒಳಗೆ ಹೋದರೆ ರಂತಿ ಚಾಪೆಯ ಮೇಲೆ ಕಾಲು ಮಡಿಸಿ ಕೂತಿದ್ದಳು.

"ಗುಂಡಿ ಅಂಗಡಿ ಆಂಟಿ ತಾನೆ?"

"ಹ್ಞೂಂ."

"ಗೊತ್ತಿತ್ತು ಬಿಡು. ನಮ್ಮ ಅಂಗಡೀಲಿ ಇರೋಷ್ಟು ಗುಂಡಿಗೆ ಈ ಜಿಲ್ಲೇಲಿ ಅಂಗೀನೇ ಇಲ್ಲ." ಅವಳು ನಗಲು ನೋಡಿದಳು. "ಅವರು ಒಳ್ಳೆಯವರಪ್ಪ. ನನ್ನ ತಟ್ಟೆ ನೋಡೋದಿಲ್ಲ. ನನ್ನ ಮುಖ ನೋಡ್ತಾರೆ."

"ನನ್ನ ಜತೆ ಬರ್ತೀಯ?"

"ಅಜ್ಜಿ ಸಾಯ್ತಾಳೆ." ಕೋಣೆಯ ಕಡೆ ನೋಡಿ ಅಂದಳು, "ಅಮ್ಮನ ಕೋಣೆ ಬಿಟ್ಟು ನಂಗೂ ಬರಕ್ಕಾಗಲ್ಲ."

ಆ ಮಧ್ಯಾಹ್ನ ಅವಳು ಒಂದು ತುತ್ತೂ ನುಂಗಲಿಲ್ಲ. ಮರುದಿನವೂ ಅಷ್ಟೆ.

ಭಾನುವಾರ ಅಜ್ಜಿಯ ಹಿರಿಮಗ ಜಮಾರಿಸ್ ಬಂದ. ಅವನು ಇರುವುದು ಅವನ ಹೆಂಡತಿಯ ಮನೆಯಲ್ಲಿ. ಆದರೆ ತಾಯಿಯ ಮನೆಗೆ, ರಂತಿಗೆ ಹಿರಿಯ ಅವನೇ. ಹಲಸಿನಕಾಯಿಯ ಸಾರಿನಲ್ಲಿ ಎರಡು ಸಲ ಅನ್ನ ಕಲಸಿಕೊಂಡು ಉಂಡು, ಕೈ ತೊಳೆದು, ಪಂಚಾಯಿತಿಗೆ ಕೂತ.

"ಸುತನ್, ದಾರಿ ಇದೆ. ಅಕ್ಕ ಹೋದ್ರೆ ತಂಗಿ. ನಮ್ಮ ಹಿರಿಯರು ಚಾಪೆ ಬದಲಾಯಿಸೋದು ಅಂತ ಮಾಡಿಟ್ಟಿದ್ದು ಇಂಥದ್ದಕ್ಕೇ. ಅಸ್ನೀನ ಮಾಡ್ಕೊಳ್ಳಿ. ಇದೇ ಮನೆ, ಇದೇ ಮಗಳು. ಊರು ಬಾಯಿ ಮುಚ್ಕೊಳ್ಳುತ್ತೆ."

"ಸರಿಯಾಗಿ ಹೇಳ್ದೆ," ಅಂದಳು ಅಜ್ಜಿ.

"ನನ್ನ ಯಾರಾದ್ರೂ ಕೇಳಿದ್ರ?" ಅಸ್ನಿ ಮರಗೆಣಸಿನ ಬುಟ್ಟಿಯನ್ನು ದಢ್ ಎಂದು ಇಟ್ಟಳು. "ಭಾವನ್ನ ನಾನು ಅಣ್ಣನ ಥರ ನೋಡ್ಕೊಂಡು ಬಂದಿದ್ದೀನಿ. ಅವರು ಗೊರಕೆ ಹೊಡೆಯೋದು ಹೊರಕೋಣೆಯಿಂದ್ಲೇ ಕೇಳಿ ಸಾಕಾಗಿದೆ, ಇನ್ನು ಪಕ್ಕದಲ್ಲಿ ಬೇರೆ! ಚಾಪೆ ಅಂತೆ ಚಾಪೆ. ನಾನೇನು ಚಾಪೇನ?"

"ಬಾಯಿ ಮುಚ್ಚೇ," ಅಜ್ಜಿ ಗದರಿದಳು.

"ಭಾವ, ನಿಮ್ಮ ಮನಸ್ಸಲ್ಲಿ ಯಾರಿದಾರೋ ಅವರ ಹತ್ರ ಹೋಗಿ. ಈ ಮನೇಲಿ ಒಬ್ರಾದ್ರೂ ನೆಟ್ಟಗಿರ್ಲಿ."

"ಹೋಗ್ಲಿ ಅನ್ನೋಕೆ ನಮಗೇನು ಕಷ್ಟ?" ಜಮಾರಿಸ್ ಸ್ವರ ಏರಿಸಿದ. "ಹುಡುಗಿ ನೆಟ್ಟಗೆ ಉಂಡ್ಕೊಂಡಿದ್ರೆ ಸುತನ್‌ನ ಇಲ್ಲಿ ಯಾರು ಹಿಡ್ಕೊಳ್ತಿದ್ರು? ಇವತ್ತು ಅವಳು ಒಂದು ತಟ್ಟೆ ಅನ್ನ ಉಣ್ಲಿ, ನಾಳೆ ನಾನೇ ಹಾರ ಹಾಕಿ ಕಳಿಸ್ತೀನಿ."

ಇದನ್ನು ಕೋಣೆಯ ಬಾಗಿಲ ಪರದೆಯ ಹಿಂದೆ ನಿಂತು ರಂತಿ ಕೇಳಿಸಿಕೊಂಡಳು. ಪರದೆಯ ಕೆಳಗೆ ಅವಳ ಬರಿಗಾಲು ಕಾಣುತ್ತಿತ್ತು. ಎಲ್ಲರೂ ಜಗಳದಲ್ಲಿದ್ದರು, ನೋಡಿದವರು ಯಾರೂ ಇಲ್ಲ.

ಸೋಮವಾರ ಬೆಂಚಿನಲ್ಲಿ ಎದ್ರಿಜಾಲ್ ಎಲ್ಲವನ್ನೂ ಹೇಳಿದ. ಯುಲಿದಾರ್ ತಾಯಿಯ ತಲೆವಸ್ತ್ರ ಸರಿಮಾಡುತ್ತ ಕೇಳಿಸಿಕೊಂಡಳು.

"ಮಾವ ಊಟ ಬಿಟ್ಟು ಮಲಗಿದಾರೆ, ನಾಚಿಕೆಗೆ," ಅಂದಳು. "ನಾನು ಕಾಯ್ತೀನಿ ಅಂತ ಹೇಳೋಕೆ ಸುಲಭ. ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ."

ಆ ವಾರದಿಂದಲೇ ರಂತಿ ಉಣ್ಣತೊಡಗಿದಳು. ಮೊದಲು ತಾನೇ ಬಡಿಸಿಕೊಂಡು ಅರ್ಧ ಸೌಟು ಅನ್ನ. ಆಮೇಲೆ ಅಜ್ಜಿಯ ಕೈಯಿಂದಲೂ. ಅಪ್ಪ ಪೇಟೆಯಿಂದ ಬರುವ ಮೊದಲೇ "ನಂದಾಯ್ತು" ಅನ್ನತೊಡಗಿದಳು. ಅಜ್ಜಿ ನೆರೆಮನೆಗೆಲ್ಲ ಸಿಹಿ ಗಂಜಿ ಹಂಚಿದಳು. ತೂಕ ಏರಿದ್ದನ್ನು ಕಂಡು ವೈದ್ಯೆಗೆ ಸಂತೋಷವಾದರೂ "ಯಾಕೋ ಬಹಳ ಬೇಗ ಆಯ್ತು, ಅವಸರ ಮಾಡ್ಬೇಡಿ" ಎಂದಳು. ಒಳ್ಳೆಯ ಸುದ್ದಿಯ ಬಾಲದಲ್ಲಿರುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಎದ್ರಿಜಾಲನಿಗೂ ಬೀಳಲಿಲ್ಲ, ಅಥವಾ ಬಿದ್ದರೂ ಅವನು ಬೇಡ ಅಂದುಕೊಂಡ. ಎಷ್ಟೋ ಕಾಲದ ಮೇಲೆ ಅವನು ಅಂಗಡಿಯಲ್ಲಿ ಸಿಳ್ಳೆ ಹಾಕುತ್ತ ಹೊಲಿಯುತ್ತಿದ್ದ. ಅವನನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಜಮಾರಿಸ್ ಕೊಟ್ಟ ಮಾತು ತಪ್ಪಲಿಲ್ಲ. ಶುಕ್ರವಾರದ ನಮಾಜು ಮುಗಿದ ಮೇಲೆ ಎಲ್ಫಿದಾ ಬಂದು ತಮ್ಮನನ್ನು ಕರೆದೊಯ್ಯುವುದು, ವೀಳ್ಯ ಈ ಸಲ ಸರಿಯಾದ ಮನೆಗೆ ಹೋಗುವುದು ಎಂದು ತೀರ್ಮಾನವಾಯಿತು. ಬೀಳ್ಕೊಡುವ ಊಟಕ್ಕೆ ಅಜ್ಜಿ ರೆಂದಾಂಗ್ ಮಾಡಿದಳು. ಬೆಳಗಿನಿಂದ ಒಲೆಯ ಮುಂದೆ ಕೂತು ಸೌಟು ತಿರುಗಿಸುತ್ತ ಒಂದೆರಡು ಸಲ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ಹೊಗೆ," ಅಂದಳು ಅಸ್ನಿಗೆ.

"ಗ್ಯಾಸ್ ಒಲೇಲಿ ಎಲ್ಲಿಂದ ಹೊಗೆ ಅಮ್ಮ?"

"ಸುಮ್ನೆ ತೆಂಗಿನಕಾಯಿ ತುರಿ."

ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತರು. ರಂತಿ ಅಪ್ಪನ ಎದುರಿಗೆ ಕೂತಳು. ಅಜ್ಜಿ ಅವಳ ತಟ್ಟೆ ತುಂಬಿಸಿದಳು: ಅನ್ನ, ಎರಡು ತುಂಡು ಮಾಂಸ, ಮರಗೆಣಸಿನ ಸೊಪ್ಪು, ಮೊಟ್ಟೆ. ಅವಳು ಬೇಡ ಅನ್ನಲಿಲ್ಲ.

"ನೋಡಿ ಸುತನ್, ನೋಡಿ ಹೇಗೆ ಉಣ್ತಾಳೆ!" ಜಮಾರಿಸ್ ಹೆಮ್ಮೆಯಿಂದ ಹೇಳಿದ. "ನಮ್ಮ ಮನೆ ಹುಡುಗಿ ಅಂದ್ರೆ ಹೀಗಿರ್ಬೇಕು."

ರಂತಿ ಉಣ್ಣುತ್ತಿದ್ದಳು. ತಲೆ ಎತ್ತದೆ, ನಿಲ್ಲಿಸದೆ, ಅಗಿಯುವುದಕ್ಕೂ ಬಿಡುವು ಕೊಡದೆ ಉಣ್ಣುತ್ತಿದ್ದಳು. ತುಟಿಯ ಮೇಲೆ ಬೆವರು ಮೂಡಿತ್ತು. ಎಡಗೈ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಪ್ರತಿ ತುತ್ತಿಗೂ ಗಂಟಲು ಒಮ್ಮೆ ಹಿಂದಕ್ಕೆ ತಳ್ಳುತ್ತಿತ್ತು, ಅವಳು ಮತ್ತೆ ಒಳಗೆ ತಳ್ಳುತ್ತಿದ್ದಳು. ಕಣ್ಣಿನಿಂದ ನೀರು ಅನ್ನದ ಮೇಲೇ ಬೀಳುತ್ತಿತ್ತು. ಖಾರಕ್ಕೆ ಇರಬೇಕೆಂದು ಅಜ್ಜಿ ನೀರಿನ ಲೋಟ ಮುಂದೆ ಸರಿಸಿದಳು.

ಎದ್ರಿಜಾಲ್ ಒಂದು ವರ್ಷ ಈ ಹುಡುಗಿಯ ಬಾಯನ್ನೇ ನೋಡುತ್ತ ಬದುಕಿದವನು. ಅವನ ಕೈ ತಟ್ಟೆಯಲ್ಲೇ ನಿಂತಿತು.

"ರಂತಿ, ಸಾಕು."

"ಇಲ್ಲಪ್ಪ. ಆಯ್ತು, ಇನ್ನು ಸ್ವಲ್ಪ."

"ಬಿಡು ಮಗಳೇ."

"ಇನ್ನು ನಾಲ್ಕು ತುತ್ತು ಅಷ್ಟೆ." ಬಾಯಿ ತುಂಬ ಅನ್ನವಿತ್ತು, ಮಾತು ಸರಿಯಾಗಿ ಹೊರಡಲಿಲ್ಲ. "ಇದು ಮುಗಿದ್ರೆ ನೀನು ಹೋಗಬಹುದು. ಮಾವ ಅಂದ್ರಲ್ಲ. ಒಂದು ತಟ್ಟೆ ಅಂತ."

ಜಮಾರಿಸ್ ನೆಲ ನೋಡಿದ. ಅಸ್ನಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಎದ್ರಿಜಾಲ್ ಕೈ ಚಾಚಿ ತಟ್ಟೆ ಹಿಡಿದ. ಅವಳು ಆ ಕಡೆಯಿಂದ ಹಿಡಿದಳು. ಒಂದು ವರ್ಷ ಉಣ್ಣು, ಉಣ್ಣು ಎಂದು ಬೇಡಿಕೊಂಡ ಅಪ್ಪ ಈಗ ಅದೇ ಅನ್ನವನ್ನು ಮಗಳ ಕೈಯಿಂದ ಎಳೆಯುತ್ತಿದ್ದ. ಅವಳು ಬಿಡಲಿಲ್ಲ. ಇದ್ದ ನಾಲ್ಕೂ ತುತ್ತನ್ನು ಉಂಡು, ಖಾಲಿ ತಟ್ಟೆಯನ್ನು ಅಪ್ಪನ ಮುಂದೆ ಇಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದಳು. ಅಜ್ಜಿ ಅವಳ ಹಿಂದೆಯೇ ಓಡಿ, ಬೆನ್ನು ನೀವುತ್ತ, "ಸಾಕು ಕಣೆ, ಸಾಕು, ಯಾರು ನಿನ್ನ ಉಣ್ಣು ಅಂದೋರು," ಎಂದು ಗೋಳೋ ಎಂದು ಅಳತೊಡಗಿದಳು.

ಹೊರಗೆ ಎಲ್ಫಿದಾಳ ಕಾರು ಬಂದು ನಿಂತಿತು. ಎದ್ರಿಜಾಲನ ಪೆಟ್ಟಿಗೆ ಬಾಗಿಲಲ್ಲೇ ಇತ್ತು. ಅವನು ಅದನ್ನು ದಾಟಿ ಜಗಲಿಯ ಮೂಲೆಗೆ ಹೋಗಿ ಯುಲಿದಾರಳಿಗೆ ಫೋನು ಮಾಡಿದ.

"ಹೊರಟ್ರಾ?" ಅವಳ ಸ್ವರದಲ್ಲಿ ಸಂಭ್ರಮವಿತ್ತು. ಹಿಂದಿನಿಂದ ಅವಳ ತಾಯಿ ಯಾರದು, ಯಾರದು ಎಂದು ಕೇಳುತ್ತಿದ್ದಳು. "ರಂತಿ ಹೇಗಿದಾಳೆ? ಊಟ ಮಾಡಿದ್ಳಾ?"

"ಮಾಡಿದ್ಲು. ಪೂರ್ತಿ ತಟ್ಟೆ," ಅಂದ. ಗಂಡಸು ಹೆಂಡತಿಯ ಮನೆಯ ಜಗಲಿಯಲ್ಲಿ ನಿಂತು, ಬೀದಿಯ ಜನ ನೋಡುತ್ತಿರುವಾಗ, ಬಿಕ್ಕಿ ಬಿಕ್ಕಿ ಅತ್ತ.

ಅತ್ತ ಯುಲಿದಾರ್ ತಾಯಿಗೆ 'ರಂತಿಯ ಅಪ್ಪ' ಎಂದದ್ದು ಕೇಳಿಸಿತು.

"ನಿಮ್ಮನ್ನ ಕಳಿಸೋಕೆ ಉಂಡ್ಳಾ?"

"ಹ್ಞೂಂ."

"ಹಾಗಾದ್ರೆ ಬರಬೇಡಿ," ಅಂದಳು. ಅವನು ಫೋನು ಇಡಲಿಲ್ಲ, ಅವಳೂ ಇಡಲಿಲ್ಲ. ಕಾರಿನೊಳಗಿಂದ ಅಕ್ಕ ಬಾರೋ, ಹೊತ್ತಾಯ್ತು ಎಂದು ಕರೆಯುತ್ತಲೇ ಇದ್ದಳು.